ಗಡಿನಾಡಿನ ಎಳೆಯರ ಮನೋವ್ಯಥೆಯೂ ಮಾದಕವ್ಯಸನವೂ

(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಮಠದ ಮಹೋತ್ಸವವೆಂದರೆ ಗತಕಾಲದ ಸತ್ಕಾರ್ಯಗಳನ್ನು ನೆನೆದು ಹರ್ಷಪಡುವ ಸಮಯವು. ಕಟ್ಟಿಸಿದ ಪಾಠಶಾಲೆಗಳನ್ನೂ, ತಪ್ಪದೆ ನಡೆದುಬಂದ ದಾಸೋಹವನ್ನೂ, ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡ ಪದವಿಗೇರಿದ ವಿದ್ಯಾರ್ಥಿಗಳನ್ನೂ ಕೊಂಡಾಡುವವರು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರ ಮಾತುಗಳು ಯುಕ್ತವಾದವುಗಳೇ. ಆದರೆ ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು, ನಡುವೆಯೇ ಎದ್ದುಹೋದ ಮಕ್ಕಳೂ ಉಂಟು. ಅವರ ಹೆಸರುಗಳು ಯಾವ ವರದಿಯಲ್ಲಿಯೂ ಬರುವದಿಲ್ಲ. ಹಬ್ಬದ ದಿನ ಮನೆಗೆ ಬಾರದ ಮಗನನ್ನು ತಾಯಿಯು ನೆನೆಯುವಂತೆ, ಈ ಶುಭದಿನದಲ್ಲಿ ಆ ಮಕ್ಕಳನ್ನು ನೆನೆಯುವದು ಈ ಉಪನ್ಯಾಸದ ಉದ್ದೇಶವು.

ಗಡಿನಾಡೆಂಬದು ದೇಶದಲ್ಲಿ ಹಲವೆಡೆ ಉಂಟು. ಪಂಜಾಬದ ಗಡಿಯ ದುಃಖವು ಒಂದು ಬಗೆಯಾದರೆ ಮಣಿಪುರದ್ದು ಇನ್ನೊಂದು ಬಗೆ. ಇಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನೇ ಮುಖ್ಯವಾಗಿ ಎತ್ತಿಕೊಳ್ಳಲಾಗಿದೆ. ಈ ಸೀಮೆಯು 1948ನೆಯ ಇಸವಿಯ ಸೆಪ್ಟೆಂಬರದ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ನೆಯ ಇಸವಿಯ ನವೆಂಬರ 1ರಂದು ಕನ್ನಡ ರಾಜ್ಯದಲ್ಲಿ ಕೂಡಿತು. ಅಂದು ಭೂಪಟದ ಮೇಲೆ ಗೆರೆಯು ಬಿದ್ದಿತಾದರೂ ಜನರ ಬಾಳಿನ ಮೇಲೆ ಬೀಳಲಿಲ್ಲ. ಗೆರೆಯ ಈಚೆಯ ಹೆಣ್ಣು ಆಚೆಯ ಸೊಸೆಯಾಗುವಳು. ಆಚೆಯ ಎತ್ತು ಈಚೆಯ ಸಂತೆಯಲ್ಲಿ ಮಾರಾಟವಾಗುವದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿಯನ್ನಾಡುವ ಕೂಸು ಮೂರು ನಾಲಗೆಗಳ ಐಶ್ವರ್ಯವನ್ನು ಬಾಲ್ಯದಲ್ಲಿಯೇ ಪಡೆಯುವದು. ಗಡಿಯೆಂಬದು ಸ್ವತಃ ಶಾಪವೆಂದು ಯಾರೂ ಎಣಿಸಲಾಗದು.

ಆದರೆ ಗಡಿಗೆ ಒಂದು ವಿಲಕ್ಷಣ ಗುಣವುಂಟು. ರಾಜಶಾಸನವು ಗೆರೆಯ ಬಳಿ ನಿಲ್ಲುವದು, ಸರಕು ನಿಲ್ಲುವದಿಲ್ಲ. ಇದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. 1992ನೆಯ ಇಸವಿಯಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟೆಯೆಂಬ ಹಳ್ಳಿಯ ಹೆಣ್ಣುಮಕ್ಕಳು ಸಾರಾಯಿಯ ಅಂಗಡಿಯ ವಿರುದ್ಧ ಎದ್ದು ನಿಂತರು. ಆ ಕಿಚ್ಚು ಆಂಧ್ರದೇಶವನ್ನೆಲ್ಲ ವ್ಯಾಪಿಸಿ, 1993ರಲ್ಲಿ ಸಾರಾಯಿಯ ನಿಷೇಧವೂ 1995ರಲ್ಲಿ ಸಂಪೂರ್ಣ ಪಾನನಿರೋಧವೂ ಜಾರಿಗೆ ಬಂದವು. ಅದೇ ಕಾಲದಲ್ಲಿ ಗೆರೆಯ ಈಚೆಗೆ ಸಾರಾಯಿಯು ಮೊದಲಿನಂತೆಯೇ ಮಾರಾಟವಾಗುತ್ತಲಿತ್ತು. 1997ರಲ್ಲಿ ಆಂಧ್ರದ ಸರಕಾರವು ತನ್ನ ನಿರೋಧವನ್ನು ಸಡಿಲಿಸಿತು. ಕರ್ನಾಟಕವು ಸಾರಾಯಿಯನ್ನು ನಿಲ್ಲಿಸಿದುದು 2007ರಲ್ಲಿ. ಗುಟಖಾದ ಕಥೆಯೂ ಅಂಥದೇ. ಮಹಾರಾಷ್ಟ್ರವು ಅದನ್ನು 2012ರಲ್ಲಿಯೂ ಕರ್ನಾಟಕವು 2013ರಲ್ಲಿಯೂ ನಿಷೇಧಿಸಿದವು. ನಡುವಣ ಅವಧಿಯಲ್ಲಿ ಒಂದೇ ಚೀಟಿಯು ಗೆರೆಯ ಒಂದು ಬದಿಗೆ ಅಪರಾಧವಾಗಿ, ಇನ್ನೊಂದು ಬದಿಗೆ ವ್ಯಾಪಾರವಾಗಿತ್ತು. ಹೀಗೆ ಒಂದೂರಿನಲ್ಲಿ ಪಾಪವೆನಿಸಿದುದು ಎರಡು ಹರದಾರಿಯಾಚೆ ಅಂಗಡಿಯ ಸರಕಾಗಿರುವದನ್ನು ಕಂಡು ಬೆಳೆದ ಬಾಲಕನಿಗೆ, ಶಾಸನವೆಂದರೆ ದಾಟಬಹುದಾದ ಒಂದು ಹಳ್ಳವೆಂಬ ಭಾವನೆಯು ಮೂಡಿದರೆ ಅದು ಅವನೊಬ್ಬನ ದೋಷವೆನ್ನಲು ಬಾರದು.

ಈ ಸೀಮೆಯ ವಿಶೇಷ ವಿಪತ್ತು ಸೇಂದಿಯದು. ಈಚಲು ತಾಳೆಗಳ ಮರದಿಂದ ಇಳಿಸಿದ ರಸವು ತಾನಾಗಿಯೇ ಹುಳಿತು ಅಲ್ಪ ಅಮಲನ್ನು ತರುವದು. ಕರ್ನಾಟಕದಲ್ಲಿ ಕರಾವಳಿಯ ಜಿಲ್ಲೆಗಳನ್ನು ಬಿಟ್ಟರೆ ಅದರ ಮಾರಾಟಕ್ಕೆ ಅನುಮತಿಯಿಲ್ಲ. ಗೆರೆಯ ಆಚೆ ತೆಲಂಗಾಣದಲ್ಲಿ ಅನುಮತಿಯುಂಟು. ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಾದಾಗ ವ್ಯಾಪಾರಿಯು ನೀರನ್ನು ಬೆರೆಸಿದನು. ನೀರಿನಿಂದ ಅಮಲು ತಗ್ಗಿದಾಗ ಪುಡಿಯನ್ನು ಬೆರೆಸಿದನು. ಜನರು ಸಿ.ಎಚ್. ಪೌಡರ್ ಎಂದು ಕರೆಯುವ ಈ ಪುಡಿಯು ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕವು. ಜರ್ಮನಿಯ ಲೀಬಿಗ್ ಎಂಬ ವಿದ್ವಾಂಸನು 1832ರಲ್ಲಿ ಇದನ್ನು ಸಿದ್ಧಪಡಿಸಿದನು. 1869ರಲ್ಲಿ ಲೀಬ್ರೈಖ್ ಎಂಬವನು ಇದನ್ನು ನಿದ್ರೆಯ ಔಷಧವಾಗಿ ಬಳಕೆಗೆ ತಂದನು. ರೋಗಿಗೆ ವೈದ್ಯನು ಅಳೆದು ಕೊಡಬೇಕಾದ ವಸ್ತುವು ಅಳತೆಯಿಲ್ಲದೆ ಗಡಿಗೆಗೆ ಬಿದ್ದಿತು. ಅದರ ಜೊತೆಗೆ ಅಲ್ಪ್ರಾಜೋಲಾಮ್, ಡಯಾಜೆಪಾಮ್ ಎಂಬ ನಿದ್ರಾಕಾರಕಗಳೂ ಬಂದು ಸೇರಿದವು. ಕುಡಿಯುವವನು ತಾನು ಮರದ ರಸವನ್ನು ಕುಡಿಯುತ್ತಿರುವೆನೆಂದು ನಂಬಿರುವನು. ವಾಸ್ತವದಲ್ಲಿ ಔಷಧದಂಗಡಿಯ ಬೀಗದೊಳಗೆ ಇರಬೇಕಾದುದನ್ನು ಕುಡಿಯುತ್ತಿರುವನು.

ಈ ವಸ್ತುಗಳು ಮಿದುಳಿನ ಉದ್ವೇಗವನ್ನು ತಗ್ಗಿಸುವ ಸಹಜಶಕ್ತಿಯನ್ನು ಹೆಚ್ಚಿಸುವವು. ಮೊದಮೊದಲು ಸುಖನಿದ್ರೆಯೂ ನಿಶ್ಚಿಂತೆಯೂ ಉಂಟಾಗುವವು. ದಿನಗಳೆದಂತೆ ಮಿದುಳು ತನ್ನ ಸ್ವಂತ ಶಕ್ತಿಯನ್ನು ಕುಗ್ಗಿಸಿಕೊಂಡು ಹೊರಗಿನ ಪುಡಿಯನ್ನೇ ಊರುಗೋಲಾಗಿ ಹಿಡಿಯುವದು. ಆ ಊರುಗೋಲನ್ನು ಒಮ್ಮೆಲೆ ಕಸಿದುಕೊಂಡರೆ ಮನುಷ್ಯನು ಬೀಳುವನು. ಕೈಕಾಲು ನಡುಕ, ನಿದ್ರಾನಾಶ, ಇಲ್ಲದುದನ್ನು ಕಾಣುವದು, ಅಸಂಬದ್ಧ ಪ್ರಲಾಪ, ಕಡೆಗೆ ಮೂರ್ಛೆರೋಗದಂಥ ಸೆಳವು ಇವೆಲ್ಲ ಬರುವವು, ಪ್ರಾಣವೂ ಹೋಗಬಹುದು. ಮದ್ಯದ ದೀರ್ಘವ್ಯಸನಿಗಳಿಗೂ ಇದೇ ಭಯವುಂಟು.

ಇದು ಗ್ರಂಥದೊಳಗಿನ ಮಾತು ಮಾತ್ರವಲ್ಲ. 2015ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ತೆಲಂಗಾಣದ ನಿಜಾಮಾಬಾದ, ಮಹಬೂಬನಗರ ಮುಂತಾದ ಜಿಲ್ಲೆಗಳಲ್ಲಿ ಅಧಿಕಾರಿಗಳು ಕಲಬೆರಕೆಯನ್ನು ಬಿಗಿಯಾಗಿ ತಡೆದರು. ಉದ್ದೇಶವು ಸ್ತುತ್ಯವಾಗಿಯೇ ಇತ್ತು. ಆದರೆ ಪುಡಿಯಿಲ್ಲದ ಸೇಂದಿಯನ್ನು ಕುಡಿದ ನೂರಾರು ಜನರು ಕೆಲವೇ ದಿನಗಳಲ್ಲಿ ನಡುಗುತ್ತ, ಕೂಗಾಡುತ್ತ, ಸೆಳವಿಗೆ ಸಿಕ್ಕಿ ಆಸ್ಪತ್ರೆಗಳ ಬಾಗಿಲಿಗೆ ಬಂದರು. ಕೆಲವರು ಅಸುನೀಗಿದರೆಂದೂ ವರದಿಯಾಯಿತು. ವಿಷವನ್ನು ನಿಲ್ಲಿಸಿದವರು, ವಿಷಕ್ಕೆ ಒಗ್ಗಿಹೋದ ದೇಹಗಳ ಗತಿಯೇನೆಂಬದನ್ನು ಮುಂಚಿತವಾಗಿ ಚಿಂತಿಸಿರಲಿಲ್ಲ. ಧರ್ಮಕಾರ್ಯದಲ್ಲಿ ತೊಡಗಿದವರೆಲ್ಲರೂ ಈ ಘಟನೆಯನ್ನು ಮರೆಯದೆ ನೆನಪಿನಲ್ಲಿಡತಕ್ಕದ್ದು.

ಇನ್ನು ಈ ವ್ಯಸನವು ಎಳೆಯರನ್ನು ಹೇಗೆ ಮುಟ್ಟುವದೆಂಬದನ್ನು ವಿಚಾರಿಸಬೇಕು. ಒಂದು ಮನೆಯನ್ನು ಉದಾಹರಣೆಗಾಗಿ ಭಾವಿಸಿರಿ. ಮಳೆಯು ಕೈಕೊಟ್ಟ ವರ್ಷ ತಂದೆತಾಯಿಗಳು ಗುಳೆ ಹೋಗಿದ್ದಾರೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಕಟ್ಟಡದ ಕೆಲಸ. ಹದಿನಾಲ್ಕು ವರ್ಷದ ಮಗನು ಅಜ್ಜಿಯ ಬಳಿ ಉಳಿದಿದ್ದಾನೆ. ಹಗಲಿಗೆ ಹತ್ತಿಯ ಹೊಲದ ಕೂಲಿ, ತೆರವಾದ ದಿನ ಶಾಲೆ. ರಾತ್ರಿ ಅಜ್ಜಿಯು ಮಲಗಿದ ಮೇಲೆ ಅವನಿಗೆ ನಿದ್ರೆ ಬಾರದು. ತಾಯಿಯ ಫೋನು ಎಂಟು ದಿನಕ್ಕೊಮ್ಮೆ ಬರುವದು. ಅದರಲ್ಲಿ ಮನೆಯ ಸಾಲದ ಮಾತೇ ಹೆಚ್ಚು. ಹುಡುಗನು ಚೆನ್ನಾಗಿರುವೆನೆಂದು ಹೇಳಿ ಫೋನಿಡುವನು. ನೆರೆಯ ಹಿರಿಯನೊಬ್ಬನು ಗೆರೆಯಾಚೆಯಿಂದ ತಂದ ಸೀಸೆಯನ್ನು ತೋರಿಸಿ, “ಒಂದು ಗುಟುಕು ಕುಡಿ ತಮ್ಮಾ, ಮೈನೋವು ಹೋಗುತ್ತದೆ, ನಿದ್ದೆ ಬರುತ್ತದೆ” ಎನ್ನುವನು. ಆ ಹಿರಿಯನ ಮಾತು ಅಂದಿನ ರಾತ್ರಿಗೆ ಸುಳ್ಳಾಗುವದಿಲ್ಲ. ಹುಡುಗನು ತಿಂಗಳಲ್ಲಿ ಮೊದಲನೆಯ ಸಲ ಬೆಳಗಿನ ವರೆಗೆ ಮಲಗುವನು. ಅವನನ್ನು ಹಿಡಿದಿಟ್ಟುದು ರುಚಿಯೂ ಅಲ್ಲ, ವಿಲಾಸವೂ ಅಲ್ಲ. ಆ ಒಂದು ರಾತ್ರಿಯ ನಿದ್ರೆಯು.

ಶರಣರೇ, ಇಲ್ಲಿಯೇ ವಿಷಯದ ಮರ್ಮವು ಅಡಗಿರುವದು. ಎಳೆಯರ ವ್ಯಸನವನ್ನು ಕಂಡವರು ಮೊದಲು ಸೀಸೆಯನ್ನು ನೋಡುವರು. ಸೀಸೆಗಿಂತ ಮುಂಚೆ ಬಂದ ವ್ಯಥೆಯನ್ನು ನೋಡುವವರು ವಿರಳ. ಮನಸ್ಸಿನ ಬೇನೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷ ತುಂಬುವದರೊಳಗೇ ತಲೆದೋರುವವೆಂದು ಇಂದಿನ ವೈದ್ಯವಿದ್ವಾಂಸರು ಕಂಡಿದ್ದಾರೆ. 10ರಿಂದ 19ರ ವಯಸ್ಸಿನವರಲ್ಲಿ ಏಳು ಜನಕ್ಕೆ ಒಬ್ಬರಂತೆ ಇಂಥ ಬೇನೆಗೆ ಒಳಗಾಗಿರುವರೆಂಬದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಕ್ಕಳು ಮನೋರೋಗದಿಂದ ಪೀಡಿತರಾಗಿದ್ದುದು ಕಂಡುಬಂದಿತು. ನೂರು ಮಕ್ಕಳ ಪಂಕ್ತಿಯೊಂದು ಪ್ರಸಾದಕ್ಕೆ ಕುಳಿತರೆ ಅವರಲ್ಲಿ ಏಳು ಮಂದಿ ಇಂಥವರಿರಬಹುದೆಂದು ಭಾವಿಸಿದರೆ ಈ ಅಂಕೆಯು ಕಣ್ಣಿಗೆ ಕಟ್ಟುವದು.

ಅಮಲಿನ ಪದಾರ್ಥಗಳ ವಿಷಯದಲ್ಲಿ ಕೇಂದ್ರಸರಕಾರವು 2019ರಲ್ಲಿ ಪ್ರಕಟಿಸಿದ ವರದಿಯೂ ಚಿಂತನಾರ್ಹವು. ಮೂಸಿ ಅಮಲೇರಿಸಿಕೊಳ್ಳುವ ಅಂಟು, ಬಣ್ಣದ ತೆಳುಕಾರಿ ಮುಂತಾದವುಗಳ ಬಳಕೆಯು ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚು. ಈ ಒಂದು ವ್ಯಸನಕ್ಕಾಗಿ ನೆರವು ಬೇಕಾದ ಮಕ್ಕಳು ದೇಶದಲ್ಲಿ ಸುಮಾರು 4.6 ಲಕ್ಷವೆಂದು ಆ ವರದಿಯು ಎಣಿಸಿತು. ಚಪ್ಪಲಿಯ ಅಂಟನ್ನೂ ಸೈಕಲ್ಲಿನ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನನ್ನೂ ಮಾರುವ ಅಂಗಡಿಗೆ ಯಾವ ಅಬಕಾರಿ ಕಾವಲೂ ಇಲ್ಲ. ಹೀಗಾಗಿ ಸೇಂದಿಯೊಂದನ್ನೇ ಹಳಿದು ಕುಳಿತರೂ ಸಾಲದು.

ಎಳೆವಯಸ್ಸಿನಲ್ಲಿಯೇ ಈ ಅಪಾಯವು ಹೆಚ್ಚೇಕೆ? ಸುಖವನ್ನು ಬಯಸುವ ಮಿದುಳಿನ ಭಾಗವು ಹರೆಯದಲ್ಲಿ ಬೇಗ ಬಲಿಯುವದು. ಮುಂದಣ ಪರಿಣಾಮವನ್ನು ತೂಗಿ ನೋಡಿ ತಡೆಯುವ ಹಣೆಯ ಭಾಗವು ಇಪ್ಪತ್ತನ್ನು ದಾಟಿದ ಮೇಲೂ ಬೆಳೆಯುತ್ತಲೇ ಇರುವದು. ಬಲಿತ ಎತ್ತಿಗೆ ಎಳೆಯ ಮೂಗುದಾರವನ್ನು ಕಟ್ಟಿದಂಥ ಸ್ಥಿತಿಯು ಅದು. ಆದಕಾರಣ ಹದಿನಾಲ್ಕರಲ್ಲಿ ಹಿಡಿದ ಚಟವು ನಲವತ್ತರಲ್ಲಿ ಹಿಡಿದುದಕ್ಕಿಂತ ಬಲವಾಗಿ ಬೇರೂರುವದು. ಆದರೆ ಇದೇ ಕಾರಣದಿಂದ ಆಶೆಯೂ ಉಂಟು. ಬೆಳೆಯುತ್ತಿರುವ ಗಿಡವು ಬಾಗಿದ್ದರೂ ಆಸರೆ ಕಟ್ಟಿದರೆ ನೇರವಾಗುವದು.

ಹೆಣ್ಣುಮಕ್ಕಳ ವ್ಯಥೆಯನ್ನು ಬೇರೆಯಾಗಿ ಹೇಳಲೇಬೇಕು. ಹುಡುಗನ ದುಃಖವು ಕಟ್ಟೆಯ ಮೇಲೆ ಕಾಣುವದು. ಹುಡುಗಿಯ ದುಃಖವು ಅಡಿಗೆಮನೆಯಲ್ಲಿ ಹುದುಗಿರುವದು. ತಾಯಿಯು ಗುಳೆ ಹೋದಾಗ ಶಾಲೆಯನ್ನು ಬಿಟ್ಟು ತಮ್ಮತಂಗಿಯರನ್ನು ಸಾಕುವವಳು ಅವಳು. ಹದಿನೆಂಟು ತುಂಬುವ ಮುನ್ನವೇ ಗೆರೆಯಾಚೆಯ ಮನೆಗೆ ಲಗ್ನವಾಗುವ ಭೀತಿಯಲ್ಲಿರುವವಳು ಅವಳು. ಕುಡಿದು ಬಂದವನ ಹೊಡೆತವನ್ನು ನೋಡುತ್ತ ಬೆಳೆಯುವವಳೂ ಅವಳೇ. ಮೇಲಿಂದ ಮೇಲೆ ತಲೆನೋವು, ಎದೆಯಲ್ಲಿ ಸಂಕಟ, ಊಟ ಸೇರದಿರುವದು, ಮೈಮೇಲೆ ಬಂದಂತೆ ಬೀಳುವದು ಇವುಗಳ ರೂಪದಲ್ಲಿ ಅವಳ ಮನಸ್ಸು ಮಾತಾಡುವದು. ಆ ಮಾತನ್ನು ಅರಿಯದವರು ಗಾಳಿಯೆಂದು ಬಗೆದು ಬೇವಿನ ಬರಲಿನಿಂದ ಬಡಿಯುವರು.

ಈ ಸ್ಥಳದಲ್ಲಿ ಪೂರ್ವಿಕರ ವಿವೇಕವನ್ನು ಸ್ಮರಿಸುವದು ಯುಕ್ತವಾಗಿದೆ. ಮನಸ್ಸಿನ ರೋಗವನ್ನು ರೋಗವೆಂದು ಎಣಿಸುವದು ಪರದೇಶದಿಂದ ಬಂದ ಹೊಸ ಮಾತೆಂದು ಕೆಲವರು ಭಾವಿಸಿದ್ದಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯವೂ ಮದ್ಯದಿಂದಾಗುವ ಮದಾತ್ಯಯಕ್ಕೆ ಒಂದು ಅಧ್ಯಾಯವೂ ಮೀಸಲಾಗಿವೆ. ಅದೇ ಗ್ರಂಥದ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಒಗ್ಗಿಹೋದ ಅಹಿತವನ್ನು ಒಮ್ಮೆಲೆ ತ್ಯಜಿಸದೆ ಪಾದಪಾದವಾಗಿ, ಎಂದರೆ ಕಾಲುಕಾಲು ಭಾಗವಾಗಿ ಬಿಡುತ್ತ, ಹಿತವನ್ನು ಅದೇ ಕ್ರಮದಲ್ಲಿ ಕೂಡಿಸಿಕೊಳ್ಳಬೇಕೆಂದು ವಿಧಿಸಲಾಗಿದೆ. ಇಂದಿನ ವೈದ್ಯನು ನಿದ್ರಾಕಾರಕಗಳ ವ್ಯಸನಿಗೆ ಔಷಧದ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ ಹೋಗುವನಷ್ಟೆ? 2015ರಲ್ಲಿ ಗೆರೆಯಾಚೆ ನಡೆದ ಅನಾಹುತಕ್ಕೆ ಉತ್ತರವು ಆ ಪ್ರಾಚೀನ ಸೂತ್ರದಲ್ಲಿಯೇ ಇದ್ದಿತು. ಆದರೆ ಈ ಇಳಿಸುವ ಕಾರ್ಯವನ್ನು ಮನೆಯಲ್ಲಿ ತಮ್ಮಷ್ಟಕ್ಕೆ ತಾವೇ ಮಾಡಲಾಗದು. ಕಲಬೆರಕೆಯ ಗಡಿಗೆಯಲ್ಲಿ ಎಷ್ಟು ಪುಡಿಯಿರುವದೆಂಬದು ಕುಡಿಯುವವನಿಗೇ ತಿಳಿಯದು. ವೈದ್ಯನ ಕಣ್ಣಿನ ಕೆಳಗೆ ಅದು ನಡೆಯತಕ್ಕದ್ದು.

ಮಠಗಳ ಪರಂಪರೆಯಲ್ಲಿಯೂ ಈ ಕಾರ್ಯಕ್ಕೆ ಉಜ್ವಲ ನಿದರ್ಶನಗಳುಂಟು. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದನು. ಹೆಂಡ ಮಾರುವವನು ಶರಣನಾದುದೂ, ತನ್ನ ಬಳಿ ಬಂದವರಿಗೆ ಕುಡಿತವನ್ನು ಬಿಡುವಂತೆ ಬೋಧಿಸಿದನೆಂಬ ಪ್ರತೀತಿಯೂ ಅರ್ಥವತ್ತಾಗಿವೆ: ಅನುಭವಮಂಟಪದ ಬಾಗಿಲು ಅಂಥವನಿಗೂ ಮುಚ್ಚಿರಲಿಲ್ಲ. ಸಮೀಪದ ಕಾಲದಲ್ಲಿ ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತಜೋಳಿಗೆಯನ್ನು ಹಿಡಿದು ಊರೂರು ತಿರುಗಿದರು. ಹಣವನ್ನಾಗಲಿ ಧಾನ್ಯವನ್ನಾಗಲಿ ಅವರು ಬೇಡಲಿಲ್ಲ. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಲ, ಮದ್ಯದ ಸೀಸೆ ಆ ಜೋಳಿಗೆಗೆ ಬಿದ್ದವು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಲಿದೆ. ಬೇಡುವ ಕೈಯು ಕೆಳಗಿರುವದು. ಗುರುವು ವ್ಯಸನಿಯ ಎದುರು ದಂಡವನ್ನು ಹಿಡಿದು ನಿಲ್ಲದೆ ಜೋಳಿಗೆಯನ್ನು ಒಡ್ಡಿ ನಿಂತನೆಂಬದೇ ಆ ಪದ್ಧತಿಯ ಪುಣ್ಯವು.

ಜೋಳಿಗೆಗೆ ಚಟವನ್ನು ಹಾಕಿದವನು ಅಂದಿನ ರಾತ್ರಿ ಮನೆಗೆ ಹೋಗಿ ನಡುಗುತ್ತ ಮಲಗಿದರೆ ಅವನ ಬಳಿ ಯಾರಿರುವರು? ಈ ಪ್ರಶ್ನೆಯನ್ನು ಪ್ರತಿಯೊಂದು ಮಠವೂ ಕೇಳಿಕೊಳ್ಳಬೇಕಾಗಿದೆ. ಪ್ರತಿಜ್ಞೆಯು ಮನಸ್ಸನ್ನು ತಿರುಗಿಸುವದು, ಸಂಶಯವಿಲ್ಲ. ನರಗಳನ್ನು ಒಂದೇ ಕ್ಷಣದಲ್ಲಿ ತಿರುಗಿಸಲಾರದು. ಕೆಲವು ಕಡೆಗಳಲ್ಲಿ ಎಳೆಯರನ್ನು ಸಭೆಯ ಮುಂದೆ ನಿಲ್ಲಿಸಿ, ಅವರ ತಪ್ಪನ್ನು ಎಲ್ಲರೂ ಕೇಳುವಂತೆ ನುಡಿಸಿ, ಆಣೆ ಮಾಡಿಸುವ ವಾಡಿಕೆಯುಂಟು. ಆಣೆಯನ್ನು ಮುರಿದ ದಿನ ಆ ಬಾಲಕನಿಗೆ ಎರಡು ಹೊರೆಗಳಾಗುವವು: ಒಂದು ವ್ಯಸನದ್ದು, ಇನ್ನೊಂದು ಗುರುದ್ರೋಹಿಯಾದೆನೆಂಬ ಲಜ್ಜೆಯದು. ಎರಡನೆಯ ಹೊರೆಯನ್ನು ಹೊತ್ತವನು ಮರಳಿ ಮಠದ ಕಡೆಗೆ ಬರಲು ಅಂಜುವನು; ಕೆಲವರು ಬಾಳನ್ನೇ ಕೊನೆಗಾಣಿಸಲು ಯೋಚಿಸುವದೂ ಉಂಟು. ಆದಕಾರಣ ಪ್ರತಿಜ್ಞೆಯು ಏಕಾಂತದಲ್ಲಿ ನಡೆಯಲಿ. ಅದರ ಮುನ್ನವೇ ವೈದ್ಯನ ಸಲಹೆಯು ದೊರೆಯಲಿ. ಮುರಿದು ಬಂದವನಿಗೆ ಮತ್ತೊಮ್ಮೆ, ಮಗುದೊಮ್ಮೆ ಜೋಳಿಗೆಯು ತೆರೆದಿರಲಿ.

ಪ್ರಸಾದನಿಲಯಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ವಿದ್ಯಾರ್ಥಿಯ ಹಾಸಿಗೆಯ ಕೆಳಗೆ ಸೀಸೆಯು ಸಿಕ್ಕರೆ ಮರುದಿನವೇ ಅವನ ಪೆಟ್ಟಿಗೆಯನ್ನು ಹೊರಗಿಡುವ ನಿಯಮವು ಅನೇಕ ಕಡೆಗಳಲ್ಲಿ ನಡೆದುಬಂದಿದೆ. ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುವದೆಂಬದು ಅದರ ಸಮರ್ಥನೆ. ಉಳಿದ ಮಕ್ಕಳ ರಕ್ಷಣೆಯು ಮಠದ ಹೊಣೆಯೆಂಬದನ್ನು ಯಾರೂ ಅಲ್ಲಗಳೆಯರು. ಆ ಭಯವು ನಿರಾಧಾರವಾದುದಲ್ಲ. ಆದರೆ ಹೊರಹಾಕಿದ ಬಾಲಕನು ಎಲ್ಲಿಗೆ ಹೋಗುವನು? ತಂದೆತಾಯಿಗಳು ಗುಳೆಯಲ್ಲಿದ್ದಾರೆ. ಮನೆಗೆ ಬೀಗವು ಬಿದ್ದಿದೆ. ಅವನಿಗಾಗಿ ತೆರೆದಿರುವ ಬಾಗಿಲು ಸೀಸೆಯನ್ನು ಕೊಟ್ಟವನದೊಂದೇ. ಕುಡಿಯುವವನನ್ನು ಹೊರಹಾಕಿದ ನಿಲಯವು ಮಾರುವವನಿಗೆ ಒಬ್ಬ ಕೂಲಿಯಾಳನ್ನು ಒದಗಿಸಿದಂತಾಗುವದು.

ಈ ಭೇದವನ್ನು ಶಾಸನವೂ ಮಾಡಿರುವದು. 2015ನೆಯ ಇಸವಿಯ ಬಾಲನ್ಯಾಯ ಶಾಸನದ 77ನೆಯ ಕಲಮಿನ ಪ್ರಕಾರ, ವೈದ್ಯನ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನಾಗಲಿ ಮಾದಕವಸ್ತುವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವನಿಗೆ ಏಳು ವರ್ಷಗಳ ವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವೂ ಆಗಬಹುದು. ಮಗುವನ್ನು ಅದರ ಸಾಗಾಟಕ್ಕೆ ಬಳಸಿದವನಿಗೂ 78ನೆಯ ಕಲಮು ಅಷ್ಟೇ ಶಿಕ್ಷೆಯನ್ನು ವಿಧಿಸಿದೆ. 1985ರ ಮಾದಕವಸ್ತುಗಳ ಶಾಸನದ 64-ಎ ಕಲಮು, ತಾನಾಗಿ ಚಿಕಿತ್ಸೆಯನ್ನು ಬಯಸಿ ಬಂದ ವ್ಯಸನಿಗೆ ಅಲ್ಪಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆಯನ್ನು ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಶಾಸನವು, ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ವ್ಯಥೆಗೆ ಒಳಗಾದವನೆಂದು ಎಣಿಸಿ ಶಿಕ್ಷೆಯಿಂದ ಉಳಿಸಿದೆ. ರಾಜಶಾಸನವೇ ಇಷ್ಟು ಕನಿಕರವನ್ನು ತಾಳಿರುವಾಗ, ದಯೆಯನ್ನು ಧರ್ಮದ ಮೂಲವೆಂದು ಬೋಧಿಸುವ ಮಠವು ಅದಕ್ಕಿಂತ ಹಿಂದೆ ಉಳಿಯುವದು ಶೋಭಿಸಲಾರದು. ನಿಲಯದ ಒಳಗೆ ಮಾರುವ ಕೈಯಿದ್ದರೆ ಅದನ್ನು ತಡೆಯಲಿ. ನೋಯುವ ಮನಸ್ಸಿದ್ದರೆ ಅದನ್ನು ಉಳಿಸಿಕೊಳ್ಳಲಿ.

ಉಳಿಸಿಕೊಂಡು ಮಾಡಬೇಕಾದುದೇನು? ಅದಕ್ಕೆ ಮಹಾಪಾಂಡಿತ್ಯವು ಬೇಕಿಲ್ಲ. ಮೊದಲನೆಯದಾಗಿ, ನಿಲಯದ ಅಧ್ಯಾಪಕನು ಪ್ರತಿಯೊಬ್ಬ ಬಾಲಕನ ಮುಖವನ್ನು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ಎರಡು ವಾರಗಳಿಂದ ನಿದ್ರೆಯೂ ಊಟವೂ ಕೆಟ್ಟಿರುವದು, ಗೆಳೆಯರನ್ನು ತೊರೆದು ಮೂಲೆ ಹಿಡಿದಿರುವದು, ಓದಿನಲ್ಲಿ ಹಠಾತ್ತಾಗಿ ಹಿಂದೆ ಬಿದ್ದಿರುವದು, ಕಾರಣವಿಲ್ಲದ ಕೋಪ, ಬಟ್ಟೆಯಲ್ಲಿ ಅಂಟಿನ ವಾಸನೆ ಇವು ಲಕ್ಷಣಗಳು. ಎರಡನೆಯದಾಗಿ, ಏಕಾಂತದಲ್ಲಿ ಕುಳ್ಳಿರಿಸಿಕೊಂಡು, “ತಮ್ಮಾ, ನಿನ್ನ ಮುಖ ಬಾಡಿದೆಯಲ್ಲಾ, ಮನಸ್ಸಿನಲ್ಲಿ ಏನಿದೆ?” ಎಂದು ಕೇಳಲಿ, ಕೇಳಿದ ಮೇಲೆ ಉಪದೇಶಕ್ಕೆ ಅವಸರಪಡದೆ ಸುಮ್ಮನಿರಲಿ. ಸಾಯುವ ಯೋಚನೆಯು ಬಂದಿದೆಯೇ ಎಂದು ನೇರವಾಗಿ ಕೇಳಲು ಹಿರಿಯರು ಅಂಜುವರು. ಕೇಳುವದರಿಂದ ಆ ಯೋಚನೆಯು ಹುಟ್ಟುವದಿಲ್ಲ. ಒಳಗೆ ಇದ್ದ ಯೋಚನೆಯು ಮಾತಾಗಿ ಹೊರಬಿದ್ದು ಹಗುರಾಗುವದು. ಮೂರನೆಯದಾಗಿ, ವೈದ್ಯನ ಬಳಿಗೆ ಅವನನ್ನು ಒಬ್ಬನನ್ನೇ ಅಟ್ಟದೆ ಜೊತೆಗೆ ಹೋಗಲಿ. ನಡುಕ, ಸೆಳವು, ಭ್ರಮೆ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಲಿ. ಅದು ದೆವ್ವದ ಕಾಟವಲ್ಲ, ಪ್ರಾಣಾಪಾಯದ ಸೂಚನೆಯು.

ಸಹಾಯವು ದೂರದಲ್ಲಿದೆಯೆಂಬ ಹತಾಶೆಗೂ ಇಂದು ಕಾರಣವಿಲ್ಲ. ಈ ಸೀಮೆಯ ನೆರೆಯ ಬಳ್ಳಾರಿಯೂ ಒಂದು ಗಡಿನಾಡೇ. 1980ರ ದಶಕದಲ್ಲಿ ನಿಮ್ಹಾನ್ಸಿನ ವೈದ್ಯರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಚಿಕಿತ್ಸೆಯನ್ನು ಕಲಿಸಿ, ಹಳ್ಳಿಯ ರೋಗಿಗೆ ಹಳ್ಳಿಯ ಸಮೀಪದಲ್ಲಿಯೇ ಔಷಧವು ಸಿಗುವಂತೆ ಮಾಡಿದರು. ಆ ಬಳ್ಳಾರಿಯ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಗಡಿಯ ಜಿಲ್ಲೆಯೊಂದು ದೇಶಕ್ಕೇ ದಾರಿ ತೋರಿಸಿತೆಂಬದು ಈ ನಾಡಿನ ಅಭಿಮಾನದ ಸಂಗತಿ. 2022ರ ಅಕ್ಟೋಬರ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು ಪ್ರಾರಂಭವಾಗಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಕರೆ ಮಾಡಿ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಮುಕ್ತಿಯ ಸಲಹೆಗಾಗಿ 14446 ಎಂಬ ಸಂಖ್ಯೆಯುಂಟು. ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ನಿಲಯದ ಗೋಡೆಯ ಮೇಲೆ, ಊಟದ ಮನೆಯ ಬಾಗಿಲಲ್ಲಿ ಬರೆಯಿಸುವದಕ್ಕೆ ಒಂದು ಡಬ್ಬಿ ಬಣ್ಣದ ಹೊರತು ಬೇರೆ ವೆಚ್ಚವಿಲ್ಲ.

ಭಕ್ತರಿಗೂ ಒಂದು ಬಿನ್ನಹವುಂಟು. ಗುಳೆ ಹೋಗುವ ಕುಟುಂಬದ ಮಕ್ಕಳನ್ನು ಊರಿನಲ್ಲಿ ಉಳಿದವರು ತಮ್ಮವರೆಂದು ಎಣಿಸಲಿ. ವಾರಕ್ಕೊಂದು ಸಂಜೆ ಒಬ್ಬ ಬಾಲಕನನ್ನು ಮನೆಗೆ ಕರೆದು ಜೊತೆಗೆ ಕೂತು ಉಣ್ಣುವದು ದಾಸೋಹವೇ ಆಗಿದೆ. ಮದುವೆ ಜಾತ್ರೆಗಳಲ್ಲಿ ಎಳೆಯರ ಕೈಗೆ ಹಾಸ್ಯಕ್ಕಾಗಿ ಬಟ್ಟಲನ್ನು ಕೊಡುವ ಹಿರಿಯರು ಆ ಹಾಸ್ಯವನ್ನು ನಿಲ್ಲಿಸಲಿ. ವ್ಯಸನದಿಂದ ಮರಳಿದವನಿಗೆ ಕೆಲಸವನ್ನು ಕೊಡುವಾಗ ಹಿಂದಿನದನ್ನು ಎತ್ತಿ ಆಡದಿರಲಿ. ಕಾಯಕವು ದೊರೆತವನು ಬಾಳಿನಲ್ಲಿ ನಿಲ್ಲುವನು. ಹಂಗಿನ ಮಾತನ್ನು ಕೇಳಿದವನು ಮತ್ತೆ ಸೀಸೆಯ ಕಡೆಗೆ ನಡೆಯುವನು.

ಮಠದ ಮಹೋತ್ಸವವು ಮುಗಿದ ಮೇಲೆ ಚಪ್ಪರವನ್ನು ಬಿಚ್ಚುವರು. ದೂರದಿಂದ ಬಂದವರು ಬಂಡಿ ಬಸ್ಸುಗಳನ್ನೇರಿ ತಮ್ಮ ಊರುಗಳನ್ನು ಸೇರುವರು. ಆಗ ದಾರಿಯಲ್ಲಿ ಗೆರೆಯ ಬಳಿಯ ಕಟ್ಟೆಯ ಮೇಲೆ ಒಬ್ಬ ಹುಡುಗನು ಒಂಟಿಯಾಗಿ ಕುಳಿತಿರುವದು ಕಂಡೀತು. ಅವನನ್ನು ಕಂಡು ಮುಖ ತಿರುವಿ ಹೋಗುವದು ಸುಲಭವು. ಇಳಿದು ಹೋಗಿ ಅವನ ಪಕ್ಕದಲ್ಲಿ ಕುಳಿತು, ಊಟವಾಯಿತೇ ಎಂದು ಕೇಳುವವನು ಒಬ್ಬನಾದರೂ ಈ ಸಭೆಯಿಂದ ಹೊರಟರೆ ಈ ಮಹೋತ್ಸವವು ಸಾರ್ಥಕವಾದಂತೆಯೇ ಸರಿ. ಮುಂದಿನ ಉತ್ಸವದ ವರದಿಯಲ್ಲಿ, ಕಟ್ಟಿಸಿದ ಕೋಣೆಗಳ ಲೆಕ್ಕದ ಜೊತೆಗೆ, ಮರಳಿ ಬಂದು ಪಂಕ್ತಿಯಲ್ಲಿ ಕುಳಿತ ಮಕ್ಕಳ ಲೆಕ್ಕವೂ ಇರಲೆಂದು ಶ್ರೀ ಸನ್ನಿಧಿಯಲ್ಲಿ ಪ್ರಾರ್ಥನೆ.